ಅಲ್ಪಾಕಾ ಸಾಕುವವರ ಬದುಕು ಮತ್ತು ಪಯಣ



ಪವಿತ್ರ ಕುರ್‌ಆನಿನ ಅಲ್ ಗಾಶಿಯಾ ಅಧ್ಯಾಯವು ಒಂಟೆಯ ಸೃಷ್ಟಿಯ ಕಡೆಗೆ ನಮ್ಮ ಗಮನ ಸೆಳೆಯುತ್ತದೆ. ಆ ಒಂಟೆಗೆ ದಕ್ಷಿಣ ಅಮೆರಿಕದಲ್ಲಿ ಡುಬ್ಬವಿಲ್ಲದ ಬಂಧುಗಳಿವೆ. ಲಾಮಾ ಹೊರೆ ಹೊರಲು, ಅಲ್ಪಾಕಾ ಉಣ್ಣೆಗೆ. ಜಗತ್ತಿನ ಅಲ್ಪಾಕಾಗಳಲ್ಲಿ ಬಹುಪಾಲು ಇರುವುದು ಪೆರು ದೇಶದಲ್ಲಿ. ಅಲ್ಲಿನ ಪುನೊ ಪ್ರಾಂತದ ಆಂಡಿಸ್ ಪರ್ವತಗಳಲ್ಲಿ, 4,000 ಮೀಟರಿಗೂ ಎತ್ತರದಲ್ಲಿ, ಇವನ್ನೇ ನಂಬಿ ಬದುಕುವ ಕುಟುಂಬಗಳ ಬಗ್ಗೆ ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

ಅಷ್ಟು ಎತ್ತರದಲ್ಲಿ ಬೆಳೆ ಕಷ್ಟ, ಮರವಂತೂ ಅಪರೂಪ. ಅಲ್ಪಾಕಾದ ಒಣ ಹಿಕ್ಕೆಯೇ ಒಲೆಗೆ ಉರುವಲು. ರಾತ್ರಿ ಕಲ್ಲುಗೋಡೆಯ ದೊಡ್ಡಿಯಲ್ಲಿದ್ದ ಮಂದೆಯನ್ನು ಬೆಳಿಗ್ಗೆ ಮೇಯಲು ಬಿಡುತ್ತಾರೆ. ಗಂಡಸರು ಕೂಲಿಗೆಂದು ಪಟ್ಟಣಕ್ಕೆ ಹೋದರೆ ಮಂದೆ ಕಾಯುವುದು ಹೆಂಗಸರು ಮತ್ತು ಮಕ್ಕಳು. ಹನ್ನೊಂದು ತಿಂಗಳು ಮೀರಿದ ಗರ್ಭದ ನಂತರ ಹುಟ್ಟುವುದು ಒಂದೇ ಮರಿ, ಅದೂ ಹೆಚ್ಚಾಗಿ ಬೆಳಗಿನ ಹೊತ್ತು. ಒದ್ದೆ ಮೈ ಬಿಸಿಲಲ್ಲಿ ಆರಿದ ಮೇಲೆಯೇ ರಾತ್ರಿಯ ಚಳಿ ಬರುತ್ತದೆ. ಸುಬ್‌ಹಾನಲ್ಲಾಹ್!

ಮಳೆ ನಿಂತು ಹುಲ್ಲು ಒಣಗಿದಾಗ ಕುಟುಂಬವೇ ಮಂದೆಯೊಡನೆ ಹಿಮ ಕರಗಿದ ನೀರಿರುವ ಜೌಗು ಹುಲ್ಲುಗಾವಲಿಗೆ ಹೊರಡುತ್ತದೆ. ಇನ್ನೊಂದು ಪಯಣವೂ ಇತ್ತು. ಲಾಮಾಗಳ ಮೇಲೆ ಒಣಮಾಂಸ, ಉಣ್ಣೆ, ಹಗ್ಗ ಹೇರಿಕೊಂಡು ದಿನಗಟ್ಟಲೆ ನಡೆದು, ಕಣಿವೆಯ ರೈತರಿಂದ ಮೆಕ್ಕೆಜೋಳ ತರುತ್ತಿದ್ದರು. ಹಣವಿಲ್ಲದ ವಿನಿಮಯ ಅದು. ರಸ್ತೆ, ಲಾರಿಗಳು ಬಂದ ಮೇಲೆ ಬಹಳಷ್ಟು ಕಡಿಮೆಯಾಯಿತು.

ಭಾಷೆ ಕಲಿಸುವ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೆಯೇ ಇದೆ. ಇವರ ಮನೆಮಾತು ಕ್ವೆಚುವಾ ಅಥವಾ ಐಮಾರಾ. ಉಣ್ಣೆಯ ಬಣ್ಣಗಳಿಗೆ, ಮೈಮೇಲಿನ ಪಟ್ಟೆಗಳಿಗೆ ಈ ಭಾಷೆಗಳಲ್ಲಿ ಲೆಕ್ಕವಿಲ್ಲದಷ್ಟು ಹೆಸರುಗಳಿವೆ. ಆದರೆ ಶಾಲೆಯ ಪುಸ್ತಕ ಬಹುಕಾಲ ಸ್ಪ್ಯಾನಿಷ್ ಭಾಷೆಯಲ್ಲೇ ಇತ್ತು. ಸರ್ಕಾರ ಕ್ವೆಚುವಾಗೆ ಅಧಿಕೃತ ಸ್ಥಾನ ಕೊಟ್ಟದ್ದು 1975ರಲ್ಲಿ. ಮಂದೆಯ ಹಿಂದೆ ಅಲೆಯುವ ಮಗುವಿಗೆ ಶಾಲೆಯ ದಾರಿಯೂ ದೂರ.

ಮಾರುಕಟ್ಟೆಗೆ ಈ ಬಣ್ಣಗಳು ಬೇಡ. ಬಿಳಿ ಉಣ್ಣೆಗೆ ಯಾವ ಬಣ್ಣವನ್ನಾದರೂ ಹಾಕಬಹುದೆಂದು ಅದಕ್ಕೇ ಬೇಡಿಕೆ. ಹೀಗಾಗಿ ಕಪ್ಪು, ಕಂದು, ಬೂದು ಅಲ್ಪಾಕಾಗಳು ವಿರಳವಾಗುತ್ತಾ ಬಂದವು. ಪುನೊದ ಕಿಮ್ಸಚಾತಾ ಸಂಶೋಧನಾ ಕೇಂದ್ರದಲ್ಲಿ ಇಂಥ ತಳಿಗಳನ್ನು ಉಳಿಸುವ ಕೆಲಸ ನಡೆದಿದೆ.

ಇನ್ನು ಬೆಲೆಯ ವಿಚಾರ. ಒಂದು ಪ್ರಾಣಿಯಿಂದ ವರ್ಷಕ್ಕೆ ಸಿಗುವ ಉಣ್ಣೆ ಸುಮಾರು ಎರಡು ಕಿಲೋ. ದಲ್ಲಾಳಿ ಒರಟು, ನಯ ಎಲ್ಲವನ್ನೂ ಒಟ್ಟಿಗೆ ತೂಗಿ ಒಂದೇ ದರಕ್ಕೆ ಕೊಳ್ಳುತ್ತಾನೆ. ಅದು ಅರೆಕಿಪಾ ನಗರಕ್ಕೆ ಹೋದಾಗ ಅಲ್ಲಿನ ಹೆಂಗಸರು ಬೆರಳಿನಿಂದ ಮುಟ್ಟಿಯೇ ನಯವನ್ನು ಗುರುತಿಸಿ ಬೇರೆಬೇರೆ ರಾಶಿ ಹಾಕುತ್ತಾರೆ. ಸುಮಾರು 23 ಮೈಕ್ರಾನ್‌ಗಿಂತ ತೆಳುವಾದದ್ದು ‘ಬೇಬಿ ಅಲ್ಪಾಕಾ’ ಎಂಬ ಹೆಸರಿನಲ್ಲಿ ದುಬಾರಿಯಾಗಿ ಮಾರಾಟವಾಗುತ್ತದೆ. ಹೆಸರು ಕೇಳಿ ಮರಿಯ ಉಣ್ಣೆಯೇ ಇರಬೇಕೆಂದು ಭಾವಿಸಬೇಡಿ, ನಯವಿದ್ದರೆ ಸಾಕು, ದೊಡ್ಡ ಪ್ರಾಣಿಯದೂ ಆಗಬಹುದು. ಚಳಿಯಲ್ಲಿ ವರ್ಷವಿಡೀ ಸಾಕಿದವರಿಗೆ ಸಿಕ್ಕದ ಹಣ ಈ ವಿಂಗಡಣೆಯಲ್ಲಿ ಹುಟ್ಟುತ್ತದೆ. ಇದನ್ನರಿತು ಕೆಲವು ಕಡೆ ಸಾಕುವವರೇ ಸಂಘ ಕಟ್ಟಿ, ತಾವೇ ವಿಂಗಡಿಸಿ, ತೂಕ ಬರೆದಿಟ್ಟು ಒಟ್ಟಾಗಿ ಮಾರಲು ತೊಡಗಿದ್ದಾರೆ. ಹಳ್ಳಿಯ ಹೆಂಗಸರೂ ಈ ವಿಂಗಡಣೆ ಕಲಿತಿದ್ದಾರೆ.