ಬೆನ್ನಿನ ಅಪರೂಪದ ಕ್ಯಾನ್ಸರ್ ಮತ್ತು ಮರುರಚನಾ ಶಸ್ತ್ರಚಿಕಿತ್ಸೆ: ಆಶಯ ಭಾಷಣ

ಸ್ನಾಯು, ಕೊಬ್ಬು, ನರ, ರಕ್ತನಾಳ, ಚರ್ಮದ ಒಳಪದರ ಮುಂತಾದ ಮೃದು ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರ್‌ಗಳಿಗೆ ವೈದ್ಯಶಾಸ್ತ್ರವು ಸಾರ್ಕೋಮಾ ಎಂಬ ಹೆಸರಿಟ್ಟಿದೆ. ವಯಸ್ಕರ ಕ್ಯಾನ್ಸರ್‌ಗಳಲ್ಲಿ ಇವುಗಳ ಪಾಲು ಸುಮಾರು ನೂರಕ್ಕೆ ಒಂದು. ಅವುಗಳಲ್ಲಿಯೂ ಅಪರೂಪವಾದದ್ದು, ಮುಂಡಭಾಗದ ಚರ್ಮದಲ್ಲಿಯೇ ಹೆಚ್ಚಾಗಿ ಕಾಣಿಸಿಕೊಳ್ಳುವ ಡರ್ಮಟೊಫೈಬ್ರೊಸಾರ್ಕೋಮಾ ಪ್ರೊಟ್ಯುಬರನ್ಸ್. ಡೇರಿಯರ್ ಮತ್ತು ಫೆರಾಂಡ್ ಎಂಬ ವೈದ್ಯರು 1924ರಲ್ಲಿ ವಿವರಿಸಿದ ಈ ರೋಗವು ದೂರದ ಅಂಗಗಳಿಗೆ ಹರಡುವುದು ನೂರಕ್ಕೆ ಐವರಿಗಿಂತ ಕಡಿಮೆ ರೋಗಿಗಳಲ್ಲಿ. ಆದರೆ ಕಾಣುವ ಗಂಟಿನ ಅಂಚನ್ನು ದಾಟಿ ಇದರ ಜೀವಕೋಶಗಳು ಕೊಬ್ಬಿನ ಪದರದೊಳಗೆ ಬೇರುಗಳಂತೆ ಚಾಚಿಕೊಂಡಿರುವುದರಿಂದ, ಗಂಟನ್ನಷ್ಟೇ ಕೆತ್ತಿ ತೆಗೆದರೆ ಅದೇ ಜಾಗದಲ್ಲಿ ಮರುಕಳಿಸುವ ಸಾಧ್ಯತೆ ಹೆಚ್ಚು.

ಬೆನ್ನಿನ ಮೇಲೆ ಮೊದಲು ಗಟ್ಟಿಯಾದ ಒಂದು ಮಚ್ಚೆಯಂತೆ ಕಂಡು, ವರ್ಷಗಟ್ಟಲೆ ನೋವಿಲ್ಲದೆ ಬೆಳೆಯುವ ಇದನ್ನು ಮನೆಯವರು ಗಂಟು ಎಂದೋ ಹಳೆಯ ಗಾಯದ ಕಲೆ ಎಂದೋ ಬಿಟ್ಟುಬಿಡುತ್ತಾರೆ. ವೈದ್ಯರಿಗೂ ಇದು ಕೊಬ್ಬಿನ ಗಂಟಿನಂತೆ ಅಥವಾ ಕೀಲಾಯ್ಡ್, ಅಂದರೆ ಮಿತಿಮೀರಿ ಬೆಳೆದ ಗಾಯದ ಕಲೆಯಂತೆ ಕಾಣಬಹುದು. ಅರಿವಳಿಕೆಯ ಚುಚ್ಚುಮದ್ದು ಕೊಟ್ಟು ಅರ್ಧ ಗಂಟೆಯಲ್ಲಿ ಗಂಟು ತೆಗೆದು, ಹೊಲಿಗೆ ಹಾಕಿ, ತೆಗೆದದ್ದನ್ನು ಪರೀಕ್ಷೆಗೆ ಕಳಿಸದೆ ಎಸೆದರೆ ರೋಗಿಯು ಅತ್ಯುತ್ತಮ ಅವಕಾಶವನ್ನೇ ಕಳೆದುಕೊಳ್ಳುತ್ತಾನೆ. ಈ ರೋಗದಲ್ಲಿ ಮೊದಲ ಶಸ್ತ್ರಕ್ರಿಯೆಯೇ ನಿರ್ಣಾಯಕ.

ಸೂಕ್ಷ್ಮದರ್ಶಕದ ಪರೀಕ್ಷೆಯು, ಅದರಲ್ಲಿಯೂ ಸಿಡಿ34 ಎಂಬ ಪ್ರೋಟೀನನ್ನು ಗುರುತಿಸುವ ಬಣ್ಣದ ಪರೀಕ್ಷೆಯು, ರೋಗವನ್ನು ಖಚಿತಪಡಿಸಿದ ಮೇಲೆ, ಗಂಟಿನ ಸುತ್ತ ಸಾಮಾನ್ಯವಾಗಿ 2ರಿಂದ 4 ಸೆಂಟಿಮೀಟರ್ ಆರೋಗ್ಯವಂತ ಚರ್ಮವನ್ನೂ ತಳದಲ್ಲಿ ಸ್ನಾಯುವಿನ ಹೊದಿಕೆಯನ್ನೂ ಸೇರಿಸಿ ತೆಗೆಯಬೇಕಾಗುತ್ತದೆ. 5 ಸೆಂಟಿಮೀಟರ್ ಗಂಟಿಗೆ ಸುತ್ತ 3 ಸೆಂಟಿಮೀಟರ್ ಅಂಚು ಸೇರಿಸಿ ತೆಗೆದರೆ 11 ಸೆಂಟಿಮೀಟರ್ ಅಗಲದ ಗಾಯ ಉಳಿಯುತ್ತದೆ. ಬೆನ್ನಿನ ಚರ್ಮವು ದಪ್ಪ, ಬಿಗಿ. ತೋಳು ಎತ್ತಿದಾಗಲೂ ಬಗ್ಗಿದಾಗಲೂ ಅದು ಎಳೆತಕ್ಕೆ ಸಿಗುವುದರಿಂದ ಇಷ್ಟು ದೊಡ್ಡ ಗಾಯವನ್ನು ಜಗ್ಗಿ ಹೊಲಿದರೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಮುಚ್ಚುವುದು ಹೇಗೆಂಬ ಈ ಅಳುಕಿನಿಂದಲೇ ಶಸ್ತ್ರವೈದ್ಯರ ಕೈ ಹಿಂಜರಿದು ಅಂಚು ಕಿರಿದಾಗುವುದುಂಟು. ಈ ಅಳುಕನ್ನು ನೀಗಿಸಿ, ಬೇಕಾದಷ್ಟು ತೆಗೆಯುವ ಧೈರ್ಯ ಕೊಡುವುದೇ ಮರುರಚನಾ ಶಸ್ತ್ರಚಿಕಿತ್ಸೆಯ ಮೊದಲ ಕೆಲಸ. ಗಾಯ ಮುಚ್ಚುವುದು ಎರಡನೆಯದು. ಆದ್ದರಿಂದ ಪ್ಲಾಸ್ಟಿಕ್ ಸರ್ಜನ್‌ರನ್ನು ಶಸ್ತ್ರಕ್ರಿಯೆ ಮುಗಿದ ಮೇಲೆ ಕರೆಯದೆ, ಯೋಜನೆಯ ದಿನವೇ ಕೂರಿಸಿಕೊಳ್ಳಬೇಕೆಂಬುದು ಈ ವಿಚಾರ ಸಂಕಿರಣದ ಆಶಯ.

ತೊಡೆಯಿಂದ ತೆಳುವಾಗಿ ತೆಗೆದ ಚರ್ಮವನ್ನು ಅಂಟಿಸುವ ಚರ್ಮಕಸಿಯು ಸರಳ ಮಾರ್ಗ. ಮರುಕಳಿಸಿದರೆ ಅದು ಬೇಗ ಕಣ್ಣಿಗೆ ಬೀಳುತ್ತದೆ ಎಂಬ ಅನುಕೂಲವೂ ಇದೆ. ಆದರೆ ರೋಗಿಯು ಹಲವು ದಿನ ಬೋರಲು ಮಲಗಬೇಕಾಗುತ್ತದೆ, ತಗ್ಗಾದ ಆ ಜಾಗದ ಮೇಲೆ ಭಾರ ಹೊರಲಾಗದು. ಇನ್ನೊಂದು ಮಾರ್ಗ ಫ್ಲಾಪ್, ಎಂದರೆ ತನ್ನದೇ ರಕ್ತನಾಳದೊಡನೆ ಸರಿಸಿ ತಂದು ಕೂರಿಸುವ ಅಂಗಾಂಶ. ಬೆನ್ನಿನ ಅಗಲ ಸ್ನಾಯುವಾದ ಲ್ಯಾಟಿಸ್ಸಿಮಸ್ ಡಾರ್ಸೈಯನ್ನು ಇಟಲಿಯ ಟಾನ್ಸಿನಿ 1906ರಲ್ಲಿಯೇ ಸ್ತನ ತೆಗೆದ ಗಾಯವನ್ನು ಮುಚ್ಚಲು ಬಳಸಿದ್ದರು. ಆಸ್ಟ್ರೇಲಿಯಾದ ಫೆಲಿಕ್ಸ್ ಬೆಹಾನ್ 2003ರಲ್ಲಿ ವಿವರಿಸಿದ ಕೀಸ್ಟೋನ್ ಫ್ಲಾಪ್‌ನಲ್ಲಿ ಗಾಯದ ಪಕ್ಕದ ಚರ್ಮವೇ ಸ್ನಾಯುವನ್ನು ಬಲಿಕೊಡದೆ ಸರಿದು ಬರುತ್ತದೆ. ಆಯ್ಕೆಯಲ್ಲಿ ರೋಗಿಯ ದುಡಿಮೆಯನ್ನೂ ಎಣಿಸಬೇಕು. ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರಿಗೆ ತೋಳನ್ನು ಹಿಂದಕ್ಕೂ ಕೆಳಕ್ಕೂ ಎಳೆಯುವ ಬೆನ್ನಿನ ಅಗಲ ಸ್ನಾಯುವಿನ ನಷ್ಟವು ಕೂತು ಕೆಲಸ ಮಾಡುವವರಿಗೆ ತಟ್ಟುವಷ್ಟು ಹಗುರವಾಗಿ ತಟ್ಟುವುದಿಲ್ಲ. ಅಂಥವರಲ್ಲಿ ಸ್ನಾಯುವನ್ನು ಉಳಿಸುವ ಫ್ಲಾಪ್ ಸಾಧ್ಯವೇ ಎಂದು ಮೊದಲು ನೋಡುವುದು ನ್ಯಾಯ.

ಯಾವ ಫ್ಲಾಪ್ ಆದರೂ ಅಂಚುಗಳು ಶುದ್ಧವೆಂಬ ವರದಿ ಕೈಗೆ ಬರುವ ಮೊದಲು ಅಂಗಾಂಶವನ್ನು ತಿರುಗಿಸಿ ಕೂರಿಸಿದರೆ, ಉಳಿದ ರೋಗವು ಅದರಡಿ ಮುಚ್ಚಿಹೋಗಿ, ಎಲ್ಲಿ ಉಳಿದಿದೆ ಎಂಬ ಗುರುತೇ ತಪ್ಪುತ್ತದೆ. ತೆಗೆದ ಭಾಗದ ಮೇಲ್ತುದಿಗೂ ಪಕ್ಕಕ್ಕೂ ಬೇರೆ ಬೇರೆ ದಾರ ಕಟ್ಟಿ ದಿಕ್ಕು ತೋರಿಸಿ ಕಳಿಸಿ, ವರದಿ ಬರುವವರೆಗೆ ಗಾಯವನ್ನು ವ್ಯಾಕ್ಯೂಮ್ ಡ್ರೆಸ್ಸಿಂಗ್‌ನಲ್ಲಿ ಕಾಯುವುದು ಹಲವೊಮ್ಮೆ ಸುರಕ್ಷಿತ ದಾರಿ. ಕೆಲವು ದಿನ ಹೆಚ್ಚು ಆಸ್ಪತ್ರೆಯಲ್ಲಿರಬೇಕಾದ ರೋಗಿಗೆ ಇದರ ಕಾರಣವನ್ನು ತಾಳ್ಮೆಯಿಂದ ಬಿಡಿಸಿ ಹೇಳಬೇಕು.

1965ರಲ್ಲಿ ಆರಂಭವಾದ ಜೆಜೆಎಂ ವೈದ್ಯಕೀಯ ಕಾಲೇಜಿನಿಂದಾಗಿ ದಾವಣಗೆರೆಯು ಮಧ್ಯ ಕರ್ನಾಟಕದ ವೈದ್ಯಕೀಯ ಶಿಕ್ಷಣದ ಊರಾಗಿ ಬೆಳೆದಿದೆ. ಆದರೆ ರೋಗಿಯ ದಾರಿ ಇಲ್ಲಿಂದಲೇ ಶುರುವಾಗುವುದಿಲ್ಲ. ಅಮಾವಾಸ್ಯೆಯಂದು ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯಲ್ಲಿ ತುಂಗಭದ್ರೆಯಲ್ಲಿ ಮಿಂದು ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ನಡೆದುಕೊಳ್ಳುವ ಭಕ್ತರಲ್ಲಿ ವಾಸಿಯಾಗದ ಕಾಯಿಲೆ ಹೊತ್ತು ಬಂದವರೂ ಇರುತ್ತಾರೆ. ಅವರ ನಂಬಿಕೆಯನ್ನು ಹೀಗಳೆಯುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಹರಕೆಯ ಜೊತೆಗೇ ಬಯಾಪ್ಸಿಯೂ ಆಗಲಿ ಎಂದು ಗೌರವದಿಂದ ಹೇಳುವ ಆರೋಗ್ಯ ಕಾರ್ಯಕರ್ತರು ಅಂಥ ಜನಸಂದಣಿಯ ನಡುವೆ ಇರಬೇಕು.

5 ಸೆಂಟಿಮೀಟರಿಗಿಂತ ದೊಡ್ಡದಾದ, ಬೆಳೆಯುತ್ತಿರುವ, ಆಳದಲ್ಲಿರುವ, ಅಥವಾ ಒಮ್ಮೆ ತೆಗೆದ ಮೇಲೂ ಮತ್ತೆ ಬಂದ ಗಂಟನ್ನು ಚಾಕು ಮುಟ್ಟಿಸುವ ಮೊದಲೇ ಮೇಲಿನ ಆಸ್ಪತ್ರೆಗೆ ಕಳಿಸಬೇಕೆಂಬ ಒಪ್ಪಂದ, ಮತ್ತು ತಾಲ್ಲೂಕಿನ ಯಾವ ಮೂಲೆಯಲ್ಲಿ ತೆಗೆದ ಗಂಟಾದರೂ ಫಾರ್ಮಲಿನ್ ಬಾಟಲಿಯಲ್ಲಿ ಪ್ಯಾಥಾಲಜಿ ವಿಭಾಗವನ್ನು ತಲುಪುವ ವ್ಯವಸ್ಥೆ, ಇವೆರಡರ ಕರಡನ್ನು ಸಂಕಿರಣದ ಮೊದಲ ಗೋಷ್ಠಿಯು ಕೈಗೆತ್ತಿಕೊಳ್ಳಬೇಕಿದೆ. ಬಾಟಲಿಯನ್ನು ಹೊತ್ತು ತರುವವರು ಯಾರು, ಪರೀಕ್ಷೆಯ ಶುಲ್ಕವನ್ನು ಭರಿಸುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಅಲ್ಲಿಯೇ ಉತ್ತರ ಸಿಗಬೇಕು.