ಮೂರು ಸಲ ‘ಮೇಡೇ’

ಮಕ್ಕಳೇ, ಮಲ್ಪೆ ಬಂದರಿಗೆ ಹೋದಾಗ ಸಾಲಾಗಿ ನಿಂತ ಬೋಟುಗಳ ನೆತ್ತಿಯನ್ನೊಮ್ಮೆ ನೋಡಿ. ಕ್ಯಾಬಿನ್ನಿನ ಮೇಲೆ ತೆಳ್ಳಗಿನ ಕೋಲೊಂದು ನೆಟ್ಟಗೆ ನಿಂತಿದ್ದರೆ ಅದು ವೈರ್‌ಲೆಸ್ಸಿನ ಆಂಟೆನಾ ಇರಬಹುದು. ಅದನ್ನು ಅಷ್ಟು ಮೇಲೆ ಕಟ್ಟುವುದೇಕೆ?

ಬೋಟಿನ ವಿ.ಎಚ್.ಎಫ್. ರೇಡಿಯೊ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಭೂಮಿಯೋ ಗುಂಡಗಿದೆ. ದೂರ ಹೋಗುವ ಹಡಗಿನ ಒಡಲು ಮೊದಲು, ತುದಿ ಆಮೇಲೆ ಮರೆಯಾಗುತ್ತದಲ್ಲ, ಹಾಗೆಯೇ ತಗ್ಗಿನ ಆಂಟೆನಾ ಬೇಗ ಮರೆಯಾಗುತ್ತದೆ. ನಾಲ್ಕು ಮೀಟರ್ ಎತ್ತರದ ಆಂಟೆನಾ ಇರುವ ಎರಡು ಬೋಟುಗಳ ಮಾತು ಸುಮಾರು 16 ಕಿ.ಮೀ.ಗೆ ನಿಂತುಹೋಗುತ್ತದೆ. ದಡದಲ್ಲಿ 100 ಮೀಟರ್ ಎತ್ತರದ ಆಂಟೆನಾ ಇದ್ದರೆ ಅದೇ ಬೋಟಿನ ದನಿ 50 ಕಿ.ಮೀ. ಹತ್ತಿರದವರೆಗೂ ಮುಟ್ಟೀತು.

ಅಪಾಯದಲ್ಲಿ ಕರೆಯುವುದು 16ನೇ ಚಾನೆಲ್‌ನಲ್ಲಿ, ಅಂದರೆ 156.8 ಮೆಗಾಹರ್ಟ್ಸ್‌ನಲ್ಲಿ. ಮೊಬೈಲ್ ಒಬ್ಬರಿಗಷ್ಟೇ ರಿಂಗಾಗುತ್ತದೆ. ಈ ಕರೆ ಹಾಗಲ್ಲ, ದನಿ ಮುಟ್ಟುವಷ್ಟು ದೂರದಲ್ಲಿ ಆ ಚಾನೆಲ್ ಹಾಕಿಕೊಂಡಿರುವ ಎಲ್ಲರ ಕಿವಿಗೂ ಬೀಳುತ್ತದೆ. ಪಕ್ಕದಲ್ಲೇ ಬಲೆ ಎಳೆಯುತ್ತಿರುವ ಬೋಟು ಎಲ್ಲರಿಗಿಂತ ಮೊದಲು ಓಡಿಬರಬಹುದು.

ಕರೆಯುವ ಮಾತು ‘ಮೇಡೇ’. 1920ರ ದಶಕದಲ್ಲಿ ಲಂಡನ್ ಬಳಿಯ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೊ ಅಧಿಕಾರಿ ಫ್ರೆಡರಿಕ್ ಮಾಕ್‌ಫೋರ್ಡ್ ಇದನ್ನು ಸೂಚಿಸಿದರು. ಅಲ್ಲಿಂದ ಪ್ಯಾರಿಸ್ ಕಡೆಗೆ ವಿಮಾನಗಳ ಓಡಾಟ ಹೆಚ್ಚಿತ್ತು. ಹಾಗಾಗಿ ‘ನನಗೆ ನೆರವಾಗಿ’ ಎಂಬ ಫ್ರೆಂಚ್ ಮಾತಿನಂತೆ ಕೇಳುವ ಶಬ್ದವನ್ನೇ ಆರಿಸಿಕೊಂಡರು. ಎಸ್‌ಓಎಸ್ ಆಗಲೇ ಇತ್ತು ನಿಜ, ಆದರೆ ಅದು ಮೋರ್ಸ್ ಸಂಕೇತದಲ್ಲಿ ಕಳಿಸುವುದಕ್ಕೆ. ಬಾಯಲ್ಲಿ ಹೇಳಿದರೆ ಕರಕರ ಸದ್ದಿನಲ್ಲಿ ‘ಎಸ್’ ಯಾವುದು, ‘ಎಫ್’ ಯಾವುದು ತಿಳಿಯದು. ‘ಮೇಡೇ’ಯನ್ನು ಮೂರು ಸಲ ಹೇಳುವುದೂ ತಪ್ಪಾಗಿ ಕೇಳಿಸಬಾರದೆಂದೇ.

ಜಲರಾಣಿ ಎಂಬ ಬೋಟಿಗೆ ನೀರು ನುಗ್ಗಿದೆ ಅಂದುಕೊಳ್ಳಿ. ಬೋಟು ನಡೆಸುವ ತಂಡೇಲ ಮೈಕಿನ ಗುಂಡಿ ಒತ್ತಿ ಹೇಳಬೇಕಾದದ್ದು ಹೀಗೆ:

“ಮೇಡೇ, ಮೇಡೇ, ಮೇಡೇ. ಇದು ಜಲರಾಣಿ, ಜಲರಾಣಿ, ಜಲರಾಣಿ. ಮೇಡೇ ಜಲರಾಣಿ. ಮಲ್ಪೆಯಿಂದ ಪಡುವಣಕ್ಕೆ 12 ನಾಟಿಕಲ್ ಮೈಲು. ಬೋಟಿಗೆ ನೀರು ನುಗ್ಗುತ್ತಿದೆ. ಕೂಡಲೇ ಸಹಾಯ ಬೇಕು. ಏಳು ಜನ ಇದ್ದೇವೆ. ಓವರ್.”

ಹೆಸರಾದ ಕೂಡಲೇ ಇರುವ ಜಾಗ ಬಂತು, ಗಮನಿಸಿದಿರಾ? ನನಗೆ ಬಹಳ ಮೆಚ್ಚುಗೆಯಾದದ್ದು ಈ ಕ್ರಮ. ನೀರು ಬ್ಯಾಟರಿಗೆ ತಗುಲಿ ಮಾತು ಅರ್ಧಕ್ಕೇ ಕಡಿದುಹೋದರೂ, ಎಲ್ಲಿಗೆ ಬರಬೇಕೆಂಬುದು ಕೇಳಿದವರಿಗೆ ತಿಳಿದಿರುತ್ತದೆ. ‘ಓವರ್’ ಅಂದಮೇಲೆ ಗುಂಡಿ ಬಿಡಲೇಬೇಕು. ಒತ್ತಿಕೊಂಡೇ ಇದ್ದರೆ “ಬರುತ್ತಿದ್ದೇವೆ” ಎಂಬ ಉತ್ತರ ಕೇಳುವುದೇ ಇಲ್ಲ.

ಈಗಿನ ಎಷ್ಟೋ ಸೆಟ್‌ಗಳಲ್ಲಿ ಪುಟ್ಟ ಮುಚ್ಚಳದಡಿ ಕೆಂಪು ಗುಂಡಿಯೊಂದಿರುತ್ತದೆ. ಕೆಲವು ಸೆಕೆಂಡು ಒತ್ತಿ ಹಿಡಿದರೆ 70ನೇ ಚಾನೆಲ್‌ನಲ್ಲಿ ಬೋಟಿನ ಒಂಬತ್ತು ಅಂಕಿಯ ಗುರುತು ಹೊರಡುತ್ತದೆ. ಜಿಪಿಎಸ್ ಜೋಡಿಸಿದ್ದರೆ ಇರುವ ಜಾಗವೂ ಜೊತೆಗೇ ಹೋಗುತ್ತದೆ. ಭಾರತದ ಬೋಟುಗಳ ಗುರುತು 419ರಿಂದ ಶುರುವಾಗುತ್ತದೆ.

ದಡದಲ್ಲಿ ನಿಂತಿದ್ದಾಗ ಕಡಲಲ್ಲಿ ಯಾರೋ ಅಪಾಯದಲ್ಲಿರುವುದು ನಿಮಗೇ ಕಂಡರೆ ದೊಡ್ಡವರಿಗೆ ಹೇಳಿ, 1554ಕ್ಕೆ ಫೋನ್ ಮಾಡಿಸಿ. ಅದು ಕೋಸ್ಟ್ ಗಾರ್ಡ್‌ನ ನಂಬರು.