ನಂಬುವವರಿಗೂ ಒಂದು ಕಾರಣ ಇದೆ, ನಂಬದವರಿಗೂ



ದೇವರು ಇದ್ದಾನಾ, ಇಲ್ವಾ? ಈ ಪ್ರಶ್ನೆ ಇಟ್ಟುಕೊಂಡು ಟಿವಿಯಲ್ಲಿ ಒಂದು ಗಂಟೆ ಚರ್ಚೆ ಮಾಡೋದು ಬಹಳ ಸುಲಭ. ಆ ಕಡೆ ಒಬ್ಬರು ಸ್ವಾಮೀಜಿ, ಈ ಕಡೆ ಒಬ್ಬರು ವಿಚಾರವಾದಿ, ಮಧ್ಯದಲ್ಲಿ ನನ್ನಂಥ ಒಬ್ಬ ನಿರೂಪಕ. ಗಂಟೆ ಮುಗಿಯುತ್ತೆ, ಗಂಟಲು ಒಣಗುತ್ತೆ. ನಂಬುತ್ತಿದ್ದವರು ನಂಬುತ್ತಲೇ ಎದ್ದು ಹೋಗುತ್ತಾರೆ. ನಂಬದವರು ನಂಬದೇ ಎದ್ದು ಹೋಗುತ್ತಾರೆ. ಒಬ್ಬರಾದರೂ ಈ ಕಡೆಯಿಂದ ಆ ಕಡೆಗೆ ಹೋಗಿದ್ದನ್ನು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ.

ಯಾಕೆ ಹೀಗೆ? ಮನುಷ್ಯ ದೇವರನ್ನು ನಂಬೋದೂ ವಾದ ಕೇಳಿ ಅಲ್ಲ, ಬಿಡೋದೂ ವಾದ ಕೇಳಿ ಅಲ್ಲ. ಅವನ ಬದುಕಿನಲ್ಲಿ ಏನೋ ನಡೆದಿರುತ್ತೆ. ಹಾಗಾಗಿ ಇವತ್ತು ನಾನು ಕೇಳೋ ಪ್ರಶ್ನೆ ಬೇರೆ. ನಂಬುವವರು ಯಾಕೆ ನಂಬ್ತಾರೆ? ನಂಬದವರು ಯಾಕೆ ನಂಬಲ್ಲ?

ಬನ್ನಿ, 1930ಕ್ಕೆ ಹೋಗೋಣ. ಲಾಹೋರ್ ಸೆಂಟ್ರಲ್ ಜೈಲು. ಅಲ್ಲಿ ಇಬ್ಬರು ಕೈದಿಗಳಿದ್ದಾರೆ. ಒಬ್ಬರು ಬಾಬಾ ರಣಧೀರ್ ಸಿಂಗ್. ಗದರ್ ಚಳವಳಿಯ ಕಾಲದಲ್ಲಿ, 1915ರಲ್ಲಿ ಬಂಧನವಾದವರು. ಬ್ರಿಟಿಷರ ಜೈಲಿನಲ್ಲಿ ಸುಮಾರು 15 ವರ್ಷ ಕಳೆದವರು. ಅಷ್ಟು ವರ್ಷದ ಕಷ್ಟದಲ್ಲೂ ಪ್ರಾರ್ಥನೆ ಬಿಡಲಿಲ್ಲ, ನಿಯಮ ಬಿಡಲಿಲ್ಲ. ಇನ್ನೊಬ್ಬ 23 ವರ್ಷದ ಹುಡುಗ. ಹೆಸರು ಭಗತ್ ಸಿಂಗ್. ಅವನು ದೇವರನ್ನು ನಂಬಲ್ಲ.

ಹಿರಿಯರು ಹುಡುಗನನ್ನು ಕಂಡು ದೇವರ ವಿಷಯ ಮಾತಾಡಿದರು. ಹುಡುಗ ಒಪ್ಪಲಿಲ್ಲ. ಹಿರಿಯರಿಗೆ ಬೇಸರ ಆಯ್ತು. ಹೆಸರು ಬಂದಿದೆ, ತಲೆ ತಿರುಗಿದೆ, ಅಹಂಕಾರ ನಿನ್ನನ್ನು ದೇವರಿಂದ ದೂರ ಮಾಡಿದೆ ಎಂಬ ಅರ್ಥದ ಮಾತು ಹೇಳಿದರು. ಆ ಮಾತಿಗೆ ಉತ್ತರವಾಗಿ ಭಗತ್ ಸಿಂಗ್ ಬರೆದದ್ದೇ 'ನಾನೇಕೆ ನಾಸ್ತಿಕ' ಎಂಬ ಲೇಖನ. ಬರೆದದ್ದು 1930ರ ಅಕ್ಟೋಬರ್ ಮೊದಲ ವಾರದಲ್ಲಿ. ಅಕ್ಟೋಬರ್ 7ಕ್ಕೆ ಗಲ್ಲು ಶಿಕ್ಷೆಯ ತೀರ್ಪು ಬಂತು. 1931ರ ಮಾರ್ಚ್ 23ಕ್ಕೆ ನೇಣಿಗೇರಿಸಿದರು.

ಆ ಲೇಖನದಲ್ಲಿ ಅವನು ಏನು ಹೇಳ್ತಾನೆ ಗೊತ್ತಾ? ದೇವರನ್ನು ನಂಬಿದರೆ ಕಷ್ಟ ಹಗುರ ಆಗುತ್ತೆ ಅನ್ನೋದನ್ನು ಒಪ್ಪಿಕೊಳ್ತಾನೆ! ನಂಬಿಕೆ ಇಲ್ಲದವನು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು, ಅದು ಬಹಳ ಕಷ್ಟ ಅಂತಾನೆ. ಆದರೆ ಸರ್ವಶಕ್ತ ದೇವರು ಇದ್ದರೆ ಲೋಕದಲ್ಲಿ ಇಷ್ಟು ಹಸಿವು, ಇಷ್ಟು ಶೋಷಣೆ ಯಾಕೆ? ತಪ್ಪು ಮಾಡುವ ಮೊದಲೇ ಮನುಷ್ಯನ ಕೈ ಯಾಕೆ ಹಿಡಿಯಲ್ಲ? ಈ ಪ್ರಶ್ನೆಗೆ ಅವನಿಗೆ ಉತ್ತರ ಸಿಗಲಿಲ್ಲ.

ಈಗ ಹೇಳಿ. ಅದೇ ಜೈಲು, ಅದೇ ಬ್ರಿಟಿಷ್ ಸರ್ಕಾರ, ಅದೇ ದೇಶಪ್ರೇಮ. ಒಬ್ಬರು ದೇವರನ್ನು ಹಿಡಿದುಕೊಂಡು ಜೈಲನ್ನು ಗೆದ್ದರು. ಇನ್ನೊಬ್ಬ ದೇವರನ್ನು ಬಿಟ್ಟು ನಗುನಗುತ್ತಾ ನೇಣಿಗೆ ನಡೆದ. ಇವರಲ್ಲಿ ಯಾರು ಹೇಡಿ? ಯಾರು ಮೂರ್ಖ? ಯಾರೂ ಅಲ್ಲ.

ಇದನ್ನು ಜೈಲಿನಲ್ಲೇ ನೋಡಬೇಕಾಗಿಲ್ಲ. ಕೊರೊನಾ ಎರಡನೇ ಅಲೆ ನೆನಪಿದೆಯಲ್ಲ? 2021ರ ಏಪ್ರಿಲ್, ಮೇ. ಆಸ್ಪತ್ರೆಯ ಹೊರಗೆ ಸಾಲುಗಟ್ಟಿ ನಿಂತ ಜನ, ಆಕ್ಸಿಜನ್ ಸಿಲಿಂಡರ್‌ಗಾಗಿ ಓಡಾಡಿದ ಜನ. ಮಗ ಉಳಿದ ತಾಯಿ ಮಂತ್ರಾಲಯದ ಕಡೆ ತಿರುಗಿ ಕೈಮುಗಿದಳು. ಮಗನನ್ನು ಕಳೆದುಕೊಂಡ ತಾಯಿ ಮನೆಗೆ ಬಂದು ದೇವರ ಕೋಣೆಯ ಬಾಗಿಲು ಹಾಕಿದಳು. ಕಾಯಿಲೆ ಒಂದೇ, ಹರಕೆಯೂ ಒಂದೇ. ಕೈಮುಗಿದವಳಿಗೆ ನೀನು ಮೂಢೆ ಅನ್ನೋಕೆ ನನಗೆ ಬಾಯಿ ಬರಲ್ಲ. ಬಾಗಿಲು ಹಾಕಿದವಳಿಗೆ ನೀನು ಪಾಪಿ ಅನ್ನೋಕೂ ಬರಲ್ಲ.

ಇನ್ನೊಂದು ಕಾರಣ ಇದೆ. ಅದನ್ನು ಮೇಲ್ಜಾತಿಯವರು ಚರ್ಚೆಗಳಲ್ಲಿ ಮರೆತೇಬಿಡ್ತಾರೆ. ಮುಚ್ಚಿದ ಬಾಗಿಲು! ಅದೇ 1930ರ ಮಾರ್ಚ್‌ನಲ್ಲಿ ಅಂಬೇಡ್ಕರ್ ಅವರ ನೇತೃತ್ವದಲ್ಲಿ ಸಾವಿರಾರು ಜನ ನಾಸಿಕ್‌ನ ಕಾಳಾರಾಮ್ ಮಂದಿರದ ಮುಂದೆ ನಿಂತರು. ಒಳಗೆ ಬಿಡಿ ಅಂತ ಕೇಳಿದರು. ವರ್ಷಗಟ್ಟಲೆ ಸತ್ಯಾಗ್ರಹ ನಡೆಯಿತು. ಬಾಗಿಲು ತೆರೆಯಲಿಲ್ಲ. 1956ರಲ್ಲಿ ನಾಗಪುರದಲ್ಲಿ ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದರು. ಸೃಷ್ಟಿಕರ್ತ ದೇವರ ಅಗತ್ಯವೇ ಇಲ್ಲದ ದಾರಿ ಅದು. ಆ ಜನರಿಗೆ ಭಕ್ತಿ ಇರಲಿಲ್ಲ ಅಂತೀರಾ? ಭಕ್ತಿ ಇದ್ದದ್ದಕ್ಕೇ ಬಾಗಿಲಿಗೆ ಬಂದಿದ್ದರು. ಬಾಗಿಲು ಹಾಕಿದವರು ಯಾರು? ಆಸ್ತಿಕರೇ ಅಲ್ವಾ?

ಹಾಗಾದರೆ ನಂಬುವವರು, ನಂಬದವರು ಒಟ್ಟಿಗೆ ಬಾಳೋದು ಹೇಗೆ? ಇದಕ್ಕೂ ಒಂದು ಉದಾಹರಣೆ ಇದೆ. ಆಂಧ್ರದಲ್ಲಿ ಗೋರಾ ಅಂತ ಒಬ್ಬರಿದ್ದರು. ಪೂರ್ತಿ ಹೆಸರು ಗೋಪರಾಜು ರಾಮಚಂದ್ರ ರಾವ್. ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ, ಅಪ್ಪಟ ನಾಸ್ತಿಕ. ಅಸ್ಪೃಶ್ಯತೆಯ ವಿರುದ್ಧ ಹಳ್ಳಿಹಳ್ಳಿಯಲ್ಲಿ ಕೆಲಸ ಮಾಡಿದವರು. ಅವರು ಹೋಗಿ ಸೇರಿದ್ದು ಯಾರ ಜೊತೆ? ದಿನಾ ಸಂಜೆ ರಾಮನಾಮ ಹೇಳುತ್ತಿದ್ದ ಮಹಾತ್ಮ ಗಾಂಧಿಯವರ ಜೊತೆ! ನನ್ನ ಆಸ್ತಿಕತೆಯೇ ಸರಿ, ನಿನ್ನ ನಾಸ್ತಿಕತೆ ತಪ್ಪು ಎಂದು ನಾನು ಹೇಳಲಾರೆ ಎಂಬ ಮಾತಿಗೆ ಗಾಂಧೀಜಿ ಬಂದರು. ಗೋರಾ ತಮ್ಮ ಮಗಳನ್ನು ದಲಿತ ಯುವಕನಿಗೆ ಕೊಡಲು ಮುಂದಾದಾಗ, ಮದುವೆ ಸೇವಾಗ್ರಾಮದಲ್ಲೇ ಆಗಲಿ ಎಂದರು. ನಾಸ್ತಿಕರ ಮನೆಯ ಮದುವೆ ಅಲ್ವಾ, ವಿಧಿಯಲ್ಲಿ ದೇವರು ಅನ್ನೋ ಕಡೆ ಸತ್ಯ ಅನ್ನೋದಕ್ಕೂ ಒಪ್ಪಿದರು. ಮದುವೆಯ ಹೊತ್ತಿಗೆ ಗಾಂಧೀಜಿ ಇರಲಿಲ್ಲ. 1948ರ ಜನವರಿ 30ಕ್ಕೆ ಅವರನ್ನು ಕೊಂದಾಗಿತ್ತು. ಮಾರ್ಚ್‌ನಲ್ಲಿ, ಅವರದೇ ಆಶ್ರಮದಲ್ಲಿ ಆ ಮದುವೆ ನಡೆಯಿತು.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು. ಖಾದಿ ಪಂಚೆ, ಗಾಂಧಿ ಟೋಪಿ, ಹಾಸ್ಟೆಲಿನ ಒಂದು ಕೋಣೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ಸತ್ಯಸಾಯಿಬಾಬಾ ಅವರಿಗೂ ಪತ್ರ ಬರೆದರು. ಆ ಪರೀಕ್ಷೆ ನಡೆಯಲೇ ಇಲ್ಲ, ಗಲಾಟೆ ಮಾತ್ರ ಬಹಳ ಆಯ್ತು. ನರಸಿಂಹಯ್ಯನವರು ಕೇಳಿದ್ದು ಇಷ್ಟೇ: ಹೇಳಿದ್ದನ್ನು ತೋರಿಸ್ತೀರಾ? ಅದೇ ವರ್ಷ ನಮ್ಮ ಸಂವಿಧಾನಕ್ಕೂ ಒಂದು ಸಾಲು ಸೇರಿತು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ ಅಂತ. ಇದರ ಜೊತೆಗೆ 25ನೇ ವಿಧಿ ಮೊದಲೇ ಇತ್ತು. ಅದು ಧರ್ಮದ ಸ್ವಾತಂತ್ರ್ಯಕ್ಕಿಂತ ಮೊದಲು ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಹೇಳುತ್ತೆ. ಅಂದರೆ ದೀಪ ಹಚ್ಚುವವನಿಗೂ ರಕ್ಷಣೆ, ಹಚ್ಚದವನಿಗೂ ರಕ್ಷಣೆ.

ಹಾಗಂತ ಎಲ್ಲವನ್ನೂ ನಂಬಿಕೆ ಅಂತ ಬಿಟ್ಟುಬಿಡೋಕಾಗುತ್ತಾ? ಆಗಲ್ಲ. ಹಾವು ಕಚ್ಚಿದವನನ್ನು ಆಸ್ಪತ್ರೆಗೆ ಕಳಿಸದೆ ಮಂತ್ರ ಹಾಕ್ತಾ ಕೂತರೆ ಹೋಗೋದು ಒಂದು ಜೀವ. ನಮ್ಮ ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ ಇಂಥದ್ದನ್ನೇ ಅಪರಾಧ ಅನ್ನೋದು. ಪೂಜೆ, ಪ್ರದಕ್ಷಿಣೆ, ಯಾತ್ರೆ ಯಾವುದನ್ನೂ ಅದು ಮುಟ್ಟಿಲ್ಲ. ನಿಮ್ಮ ದೇವರಿಗೂ ನಿಮ್ಮ ಹೆದರಿಕೆ ಮಾರಿ ದುಡ್ಡು ಮಾಡುವವನಿಗೂ ಬಹಳ ವ್ಯತ್ಯಾಸ ಇದೆ. ದೇವರ ಹೆಸರಲ್ಲಿ ಯಾರಾದರೂ ಹೆದರಿಸಿದರೆ, ಆಸ್ತಿಕರೇ ಮೊದಲು ಎದ್ದು ಕೇಳಬೇಕು.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಪ್ರಶ್ನೆ ಕೇಳಿದವನಿಗೆ ಗುಂಡಿನಲ್ಲಿ ಉತ್ತರ ಕೊಡೋದು. 2013ರ ಆಗಸ್ಟ್‌ನಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಲ್ಕರ್. 2015ರ ಆಗಸ್ಟ್‌ನಲ್ಲಿ ನಮ್ಮ ಧಾರವಾಡದಲ್ಲಿ, ಮನೆ ಬಾಗಿಲಲ್ಲೇ, ಎಂ.ಎಂ. ಕಲಬುರ್ಗಿ. ಕಲಬುರ್ಗಿಯವರು ಬದುಕಿಡೀ ವಚನಗಳನ್ನು ಓದಿದವರು. ಒಂದು ಮಾತು ಕೇಳ್ತೀನಿ. ಒಬ್ಬ ಮುದುಕರ ಪ್ರಶ್ನೆಗೆ ಅಲುಗಾಡುವಷ್ಟು ಸಣ್ಣವನಾ ನಿಮ್ಮ ದೇವರು?

ವೀಕ್ಷಕರೇ, ಈ ಮಾತು ಸ್ಟುಡಿಯೋದಲ್ಲೇ ಮುಗಿಯೋದು ಬೇಡ. ಓದಿದ ಮಗ ದೇವಸ್ಥಾನಕ್ಕೆ ಬರಲ್ಲ ಅಂದಾಗ ಕೈ ಎತ್ತಬೇಡಿ, ಶಾಪ ಹಾಕಬೇಡಿ. ಯಾಕಪ್ಪಾ ಅಂತ ಕೇಳಿ. ಮಗನೇ, ನಿನಗೂ ಹೇಳ್ತೀನಿ. ಅಮ್ಮ ದೇವರ ಮುಂದೆ ಕಣ್ಣುಮುಚ್ಚಿ ಕೂತಾಗ ನಗಬೇಡ. ಯಾಕಮ್ಮಾ ಅಂತ ಕೇಳು. ಇಪ್ಪತ್ತು ವರ್ಷದ ಹಿಂದೆ ನಿನಗೆ ಜ್ವರ ಬಂದಿದ್ದ ಒಂದು ರಾತ್ರಿಯ ಕತೆ ಅವಳು ಹೇಳಬಹುದು. ಅದನ್ನು ಕೇಳಿದ ಮೇಲೂ ನೀನು ದೇವರನ್ನು ನಂಬದೇ ಇರಬಹುದು. ಪರವಾಗಿಲ್ಲ. ಅಮ್ಮ ಯಾಕೆ ನಂಬ್ತಾಳೆ ಅನ್ನೋದು ನಿನಗೆ ಗೊತ್ತಾಗಿರುತ್ತೆ.

ಯೋಚನೆ ಮಾಡಿ.